ದಾದರಿನಲ್ಲಿ ಇಳಿದ ಮೇಲೆ

ಸವದತ್ತಿ, ಬೈಲಹೊಂಗಲ ಸೀಮೆಯ ಹಿರಿಯರಿಗೆ ಮುಂಬೈ ಪರವೂರು ಅನ್ನಿಸುತ್ತಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆ ಆಗುವವರೆಗೂ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಆ ಸೀಮೆಯ ಚಚಡಿ ಊರಿನ ವಾಡೆಯ ಮುಂದೆ ಕೂತು ರಾಜಧಾನಿ ಅಂದವರು ಕೈ ತೋರಿಸುತ್ತಿದ್ದದ್ದು ಆ ದಿಕ್ಕಿಗೇ. ಇಂದು ಇದೇ ಊರಿನ ಹುಡುಗರು ಬೆಂಗಳೂರಿನ ಮೆಜೆಸ್ಟಿಕ್ಕನ್ನು ನಿದ್ದೆಗಣ್ಣಲ್ಲೂ ದಾಟುತ್ತಾರೆ, ಮುಂಬೈ ಅಂದರೆ ಮಾತ್ರ ಹಿಂದೇಟು ಹಾಕುತ್ತಾರೆ. ಊರು ತಿರುಗುವ ಚಟದ ಈ ಅಂಕಣ ಈ ವಾರ ಅವರಿಗಾಗಿ.

ಚಚಡಿಗೆ ರೈಲಿಲ್ಲ. ಧಾರವಾಡಕ್ಕೋ ಬೆಳಗಾವಿಗೋ ಬಂದು ದಾದರ್ ಗಾಡಿ ಹತ್ತಬೇಕು. ದಾದರಿನಲ್ಲಿ ಇಳಿದ ಕೂಡಲೇ ಮೊಬೈಲಿನ ನಕ್ಷೆ ತೆಗೆದು ನಿಲ್ಲಬೇಡಿ; ಹಿಂದಿನವರು ಹಾಯ್ದು ಹೋಗುತ್ತಾರೆ. ಮುಂಬೈ ತೆಂಕು ಬಡಗಾಗಿ ಉದ್ದಕ್ಕೆ ಮಲಗಿದ ಸಪೂರ ಊರು, ರೈಲು ಹಳಿಯೇ ಅದರ ಬೆನ್ನೆಲುಬು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿತು. ಆಮೇಲಿನ ಊರು ಹಳಿಯ ಗುಂಟ ಬೆಳೆಯಿತು. ಅದಕ್ಕೇ ಇಲ್ಲಿ ವಿಳಾಸ ಕೇಳಿದರೆ ಮೊದಲು ಸ್ಟೇಶನ್ನಿನ ಹೆಸರು ಹೇಳುತ್ತಾರೆ, ಮರುಕ್ಷಣ ‘ಈಸ್ಟಾ, ವೆಸ್ಟಾ?’ ಅನ್ನುತ್ತಾರೆ. ತಪ್ಪು ಮಗ್ಗುಲಿಗೆ ಇಳಿದಿರೋ, ಮತ್ತೆ ಸೇತುವೆ ಹತ್ತಿ ಇಳಿಯುವ ಶಿಕ್ಷೆ. ದಾದರಿನಲ್ಲಂತೂ ಎರಡು ರೈಲ್ವೆಗಳು ಕೂಡುತ್ತವೆ. ಹಿಂದೆ ಎರಡೂ ಕಡೆ ಒಂದನೇ ಪ್ಲಾಟ್‌ಫಾರ್ಮ್ ಇದ್ದು ಹೊಸಬರು ದಿಕ್ಕು ತಪ್ಪುತ್ತಿದ್ದರು. 2023ರ ಡಿಸೆಂಬರ್‌ನಿಂದ ಪಶ್ಚಿಮ ರೈಲ್ವೆಗೆ 1ರಿಂದ 7, ಮಧ್ಯ ರೈಲ್ವೆಗೆ 8ರಿಂದ 14.

ಲೋಕಲ್ಲಿಗೆ ಹೆದರುವುದೇಕೆ? ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಸಾಲು ಹಚ್ಚಿದವರಿಗೆ ಜನ ತಾವೇ ಒಳಗೆ ಒಯ್ಯುತ್ತಾರೆಂಬುದು ಗೊತ್ತು, ಇಲ್ಲಿಯೂ ಹಾಗೆಯೇ. ಬೆಳಿಗ್ಗೆ ಜನ ತೆಂಕಕ್ಕೆ, ಸಂಜೆ ಬಡಗಕ್ಕೆ ಹರಿಯುತ್ತದೆ. ನೀವು ಎದುರು ದಿಕ್ಕು ಹಿಡಿಯಿರಿ, ಕಿಟಕಿಯೂ ಸಿಕ್ಕೀತು. ಚೀಲ ಎದೆಗೆ ಹಾಕಿಕೊಳ್ಳಿ. ಮೂವರ ಬೆಂಚಿನ ತುದಿಯಲ್ಲಿ ನಿಂತು ಸುಮ್ಮನೆ ಕೈಸನ್ನೆ ಮಾಡಿ ನೋಡಿ: ಮೂವರೂ ತಲೆ ಎತ್ತದೆ, ಮೊಬೈಲಿನಿಂದ ಕಣ್ಣು ಕೀಳದೆ, ಕಿಟಕಿಯತ್ತ ಒಂದಿಷ್ಟು ಸರಿಯುತ್ತಾರೆ. ನಾಲ್ಕನೆಯವರಿಗೆ ಸಿಗುವುದು ಅರ್ಧ ತೊಡೆಯ ಜಾಗ. ಆದರೂ ಅದು ಹಕ್ಕು. ಇಳಿಯುವ ಸ್ಟೇಶನ್ನಿಗೆ ಮುಂಚೆಯೇ ಬಾಗಿಲಿನತ್ತ ಸರಿದು, ಮುಂದಿರುವವರನ್ನು ‘ದಾದರ್?’ ಎಂದು ಕೇಳಿ. ಹೌದೆಂದರೆ ಅವರ ಬೆನ್ನು ಹಿಡಿಯಿರಿ, ಅಲ್ಲವೆಂದರೆ ದಾಟಿ ಮುಂದೆ ಹೋಗಿ.

ಮೊದಲ ದಿನವೇ ಗೇಟ್‌ವೇ ಆಫ್ ಇಂಡಿಯಾಕ್ಕೆ ಓಡುವವರ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ದಾದರ್ ಪೂರ್ವಕ್ಕೆ ಇಳಿದು ಮಾಟುಂಗಾಕ್ಕೆ ನಡೆಯಿರಿ. 1896ರಲ್ಲಿ ಪ್ಲೇಗ್ ಬಂದು ಹಳೇ ಮುಂಬೈಯ ಉಸಿರುಗಟ್ಟಿಸುವ ಓಣಿಗಳು ಬಯಲಾದ ಮೇಲೆ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಗೆರೆ ಎಳೆದು ಮಾಡಿದ ಬಡಾವಣೆಗಳಿವು. ಹಿಂದೂ ಕಾಲನಿಯ ಓಣಿಗಳಿಗೆ ನಂಬರಿವೆ, ಫೈವ್ ಗಾರ್ಡನ್ಸ್‌ನಲ್ಲಿ ನೆರಳಿದೆ. ಹೊಸ ಕಾಲಿಗೆ ಹೇಳಿ ಮಾಡಿಸಿದ ದಾರಿ. ಕಿಂಗ್ಸ್ ಸರ್ಕಲ್ ಮುಟ್ಟುವಷ್ಟರಲ್ಲಿ ಹೂವಿನಂಗಡಿಗಳ ಮುಂದೆ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿ ಬೇಡ. ಭಾವು ದಾಜಿ ರಸ್ತೆಯಲ್ಲಿ 1926ರ ಮೈಸೂರು ಅಸೋಸಿಯೇಷನ್ ಇದೆ. ಮಾಟುಂಗಾ ಸ್ಟೇಶನ್ನಿನ ಬಳಿ ಮಹಡಿಯ ಮೇಲೆ 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಬಾಳೆಲೆಯ ಊಟ. ಜೋಳದ ರೊಟ್ಟಿ ಸಿಗಲಿಲ್ಲವೆಂದು ಮುಖ ಸಣ್ಣ ಮಾಡಬೇಡಿ, ಸಾರು ಚೆನ್ನಾಗಿರುತ್ತದೆ.

ಕಾಲು ಪಳಗಿದ ಮೇಲೆ ಭುಲೇಶ್ವರ, ಕಾಳಬಾದೇವಿ. ಅಲ್ಲಿ ರಸ್ತೆಯ ಹೆಸರು ಕೇಳಬೇಡಿ, ಮಾಲು ನೋಡಿ. ಬಟ್ಟೆಯ ಥಾನು ಕಂಡರೆ ಮಂಗಳದಾಸ್ ಮಾರ್ಕೆಟ್, ಬಂಗಾರ ಕಂಡರೆ ಝವೇರಿ ಬಜಾರ್, ವೈರು ಬಲ್ಬು ತೂಗಾಡಿದರೆ ಲೋಹಾರ್ ಚಾಳ್. ತಳ್ಳುಗಾಡಿಯವನು ಕೂಗಿದರೆ ತಕ್ಷಣ ಪಕ್ಕಕ್ಕೆ ಸರಿಯಿರಿ, ಭಾರ ಹೊತ್ತ ಗಾಡಿ ನಿಮಗಾಗಿ ನಿಲ್ಲಲಾರದು. 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೂ ತೆರೆದ ನೆಲದಡಿಯ ಮೆಟ್ರೋ ಈಗ ಕಾಳಬಾದೇವಿಗೂ ಬಂದಿದೆ. ತಂಪಾಗಿದೆ, ಸರಿ. ಆದರೆ ಹೊಸಬರಿಗೆ ನಾನು ಹೇಳುವುದು ಹಳೇ ಲೋಕಲ್ಲನ್ನೇ: ಕಿಟಕಿಯಲ್ಲಿ ಊರು ಕಾಣದಿದ್ದರೆ ಯಾವ ಸ್ಟೇಶನ್ ಯಾವುದರ ಪಕ್ಕದ್ದೆಂದು ತಲೆಗೆ ಹತ್ತುವುದಿಲ್ಲ. ಟೋಕಿಯೋಗೆ ಹೋದವರಿಗೂ ಇದೇ ಮಾತು. 30 ಸ್ಟೇಶನ್ನುಗಳ ಯಮನೋಟೆ ಲೈನು ನೆಲದ ಮೇಲೆಯೇ ಊರನ್ನೊಂದು ಸುತ್ತು ಹಾಕಿಸುತ್ತದೆ.

ಭುಲೇಶ್ವರದಲ್ಲಿ ದಾರಿ ತಪ್ಪಿತೋ, ಗಾಬರಿ ಬೇಡ. ಪಡುವಣಕ್ಕೆ ನಡೆದರೆ ಮರೀನ್ ಲೈನ್ಸ್ ಅಥವಾ ಚರ್ನಿ ರೋಡ್, ಮೂಡಣಕ್ಕೆ ನಡೆದರೆ ಮಸ್ಜಿದ್ ಸ್ಟೇಶನ್. ಎರಡೂ ಕಡೆ ಹಳಿ ಅಡ್ಡ ಬರಲೇಬೇಕು. ಸಂಜೆಯ ಗದ್ದಲಕ್ಕೆ ಮುಂಚೆ ದಾದರಿಗೆ ಹೊರಡಿ. ತಡವಾದರೆ ಎಲ್ಲ ಸ್ಟೇಶನ್ನಿಗೂ ನಿಲ್ಲುವ ಬೋರಿವಲಿ ಸ್ಲೋ ಹಿಡಿಯಿರಿ. ದೂರ ಹೋಗುವವರ ವಿರಾರ್ ಫಾಸ್ಟ್ ಹತ್ತಿ ದಾದರಿನಲ್ಲಿ ಇಳಿಯುತ್ತೇನೆಂದವರಿಗೆ ಒಳಗಿನವರು ಮರಾಠಿ, ಹಿಂದಿ, ಗುಜರಾತಿ ಮೂರರಲ್ಲೂ ಬೈಯುತ್ತಾರೆ. ಬೆಳಗಾವಿ ಕಡೆಯವರಿಗೆ ಅದರಲ್ಲಿ ಎರಡಾದರೂ ಅರ್ಥವಾಗುತ್ತವೆ.