ಮನೆಯೇ ನಾಯಕನಾದ ಕಾದಂಬರಿ

ಲಾಕ್‌ಡೌನ್ ಕಾಲದ ಬದುಕನ್ನು ಕುರಿತ ಮಿತಭಾಷಿಯಾದ ಕಿರುಕಾದಂಬರಿಯೊಂದನ್ನು ಮೊದಲ ಸಲ ಕೈಗೆತ್ತಿಕೊಂಡ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಓದುಗನು, ಇದರಲ್ಲಿ ಏನೂ ನಡೆಯುವುದಿಲ್ಲವೆಂದು ಬೇಸತ್ತು ಅದನ್ನು ಮುಚ್ಚಿಡುವ ಮುನ್ನ, ನಡೆಯಬೇಕಾಗಿದ್ದು ನಡೆಯದೆ ನಿಂತುದೇ ಇಲ್ಲಿನ ಕಥಾವಸ್ತುವೆಂಬುದನ್ನು ಮನಗಾಣತಕ್ಕದ್ದು.

ಪೂರ್ವಸಿದ್ಧತೆಗೆ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಓದುವುದು ಒಳ್ಳೆಯದು. ಅದು ಪ್ರಶಾಂತವಾದ ಕೃತಿಯೇನೂ ಅಲ್ಲ. ಆದರೆ ದೂರ್ವಾಸಪುರದ ಅಗ್ರಹಾರಕ್ಕೆ ಪ್ಲೇಗು ನುಸುಳಿದ್ದರೂ ಅಲ್ಲಿನವರು, ನಾರಣಪ್ಪನ ಶವಸಂಸ್ಕಾರವನ್ನು ಮಾಡತಕ್ಕವರಾರು, ಅದಾಗುವವರೆಗೆ ಉಣ್ಣುವಂತಿಲ್ಲವಲ್ಲ ಎಂಬ ಚಿಂತೆಯಲ್ಲಿಯೇ ಮುಳುಗಿರಲಾಗಿ, ಸಾಯುವ ಇಲಿಗಳೂ ಬಂದೆರಗುವ ಹದ್ದುಗಳೂ ಸಾರುವ ವಾರ್ತೆಯು ಅವರಿಗಿಂತ ಮೊದಲು ಓದುಗನಿಗೆ ತಲುಪುತ್ತದೆ. ರೋಗವನ್ನು ಹೀಗೆ ಚಿತ್ರದ ಅಂಚಿನಲ್ಲಿರಿಸುವ ಸಂಯಮವೇ ಈ ಪ್ರಕಾರದ ಜೀವಾಳ. ಸಾವಿನ ಲೆಕ್ಕವನ್ನು ಪುಟಪುಟಕ್ಕೂ ಒಪ್ಪಿಸುವ ಕಾದಂಬರಿಯು ವೃತ್ತಪತ್ರಿಕೆಯ ಕೆಲಸವನ್ನು ತಡವಾಗಿ ಮಾಡುತ್ತಿದೆಯೆಂದೇ ನನ್ನ ಮತ.

ಬಳಿಕ ಭೈರಪ್ಪನವರ ‘ಗೃಹಭಂಗ’ವನ್ನು (1970) ನೋಡಬೇಕು. ಅಲ್ಲಿ ಪ್ಲೇಗಿಗೆ ಅಂಜಿದ ಜನರು ಊರನ್ನು ತೊರೆದು ಹೊರಗೆ ಗುಡಿಸಲು ಹಾಕಿಕೊಳ್ಳುವರು. ನಮ್ಮ ಕಡೆಯ ಹೊರಬೀಡಿನಲ್ಲಿಯೂ ಮನೆಯನ್ನು ಮುಚ್ಚಿ ಊರಾಚೆ ಹಗಲು ಕಳೆಯುವುದೇ ಪದ್ಧತಿ. ಮಾರಿ ಬಂದರೆ ಮನೆಯನ್ನು ಬಿಡಬೇಕೆಂಬ ಆ ಪ್ರಾಚೀನ ವಿವೇಕವನ್ನು 2020ರ ಮಾರ್ಚ್ 25ರಂದು, ಯುಗಾದಿಯ ದಿವಸವೇ, ದೇಶಕ್ಕೆ ದೇಶವೇ ತಿರುವಿಹಾಕಿ ಮನೆಯೊಳಗೆ ಸೇರಿಕೊಂಡಿತು. ಆದಕಾರಣ ಲಾಕ್‌ಡೌನಿನ ಕಾದಂಬರಿಯಲ್ಲಿ ನಾಯಕಪಟ್ಟವು ಮನೆಗೇ ಸಲ್ಲತಕ್ಕದ್ದು. ಅದು ಎಂಥ ಮನೆ, ಅದರೊಳಗೆ ನಿಂತುಹೋದುದು ಯಾವುದು ಎಂದು ಕೇಳುತ್ತ ಓದಬೇಕು.

ಸಾರಾ ಮಾಸ್ ಎಂಬ ಬ್ರಿಟಿಷ್ ಲೇಖಕಿಯ ‘ದಿ ಫೆಲ್’ (2021) ಎಂಬ ಕಿರುಕೃತಿಯಲ್ಲಿ, ಕ್ವಾರಂಟೈನಿನಲ್ಲಿದ್ದ ಹೆಂಗಸೊಬ್ಬಳು ನಾಲ್ಕು ಗೋಡೆಗಳ ನಡುವೆ ಇರಲಾರದೆ ಗುಡ್ಡದ ಕಡೆಗೆ ನಡೆದುಬಿಡುವಳು. ಮೊಳಕಾಲ್ಮೂರಿನ ನೇಕಾರನಿಗಾದರೋ ಮನೆಯಲ್ಲಿರುವುದು ಶಿಕ್ಷೆಯಲ್ಲ, ವೃತ್ತಿ. ಗುಂಡಿಮಗ್ಗವಿರುವುದೇ ಅವನ ಮನೆಯೊಳಗೆ. ಯುಗಾದಿ ಕಳೆದು ಬರುವ ಮದುವೆಯ ತಿಂಗಳುಗಳಲ್ಲಿ ರೇಷ್ಮೆಸೀರೆಗೆ ಗಿರಾಕಿಯಿಲ್ಲದೆ ಲಾಳಿ ನಿಂತಿತೆಂದರೆ, ಅವನು ಕೂತಿರುವ ಸ್ಥಳ ಮೊದಲಿನದೇ, ಮನೆ ಮಾತ್ರ ಮೊದಲಿನದಲ್ಲ. ನಗರದ ಫ್ಲ್ಯಾಟಿನ ಬೇಸರವನ್ನೇ ಬರೆದ ಕಾದಂಬರಿಗಳನ್ನು ಓದುವಾಗ ಈ ಎರಡನೆಯ ಬಗೆಯ ಬಂಧನವನ್ನೂ ನೆನಪಿನಲ್ಲಿಟ್ಟುಕೊಂಡರೆ, ಅವು ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂಬುದು ತಾನಾಗಿ ಗೋಚರಿಸುತ್ತದೆ.

ಒಂದು ಅಧ್ಯಾಯವನ್ನು ಓದಿ, ಮರುದಿನ ಅದೇ ಹೊತ್ತಿಗೆ ಮುಂದಿನದನ್ನು ಓದುವುದು ಲೇಸು. ಮುನ್ನುಡಿಗಳು ಬಹುಮಟ್ಟಿಗೆ ರೋಗವನ್ನೇ ವರ್ಣಿಸುವುದರಿಂದ ಅವನ್ನು ಕಡೆಗೆ ಓದಿದರಾಯಿತು.