ಪೆಪ್ಪರ್ ಸ್ಪ್ರೇ ಆದೇಶ: ಅರ್ಧವೇ ಓದಿದ ನ್ಯೂಯಾರ್ಕ್

ಪೆಪ್ಪರ್ ಸ್ಪ್ರೇ ಅಪಾಯಕಾರಿ ಆಯುಧ ಎಂದ ಕರ್ನಾಟಕ ಹೈಕೋರ್ಟಿನ 2024ರ ಆದೇಶಕ್ಕೆ ಸಿಕ್ಕ ಮನ್ನಣೆ ಅದರ ತರ್ಕಕ್ಕೆ ಸಲ್ಲುವಂಥದ್ದಲ್ಲ. ಆಸ್ತಿ ತಕರಾರಿನ ಗಲಾಟೆಯಲ್ಲಿ ಸ್ಪ್ರೇ ಬಳಸಿದವರ ಮೇಲಿನ ಕೇಸನ್ನು ರದ್ದು ಮಾಡಲು ಕೋರ್ಟ್ ಒಪ್ಪದೆ, ತನಿಖೆ ನಡೆಯಲಿ ಎಂದಿತು. ಅಷ್ಟರಮಟ್ಟಿಗೆ ಸರಿ. ಎಡವಿದ್ದು ಕಾರಣ ಕೊಡುವಲ್ಲಿ.

ಸ್ಪ್ರೇ ಆಯುಧವೇ ಎಂಬುದನ್ನು ನಮ್ಮ ಕಾನೂನು ನಿರ್ಧರಿಸಿಲ್ಲ ಎಂದ ಪೀಠ, 2018ರ ನ್ಯೂಯಾರ್ಕ್ ತೀರ್ಪೊಂದನ್ನು ಆಧಾರವಾಗಿ ಹಿಡಿಯಿತು. ಅಷ್ಟು ದೂರ ಹೋಗುವ ಅಗತ್ಯವೇ ಇರಲಿಲ್ಲ. ಕೇಸು ಹಾಕಿದ್ದ ಐಪಿಸಿ 324ನೇ ಕಲಂ ಬಿಡಿಸಿ ನೋಡಿ. ಇರಿಯುವ, ಕತ್ತರಿಸುವ, ಗುಂಡು ಹಾರಿಸುವ ಸಾಧನಗಳು ಒಂದು ಕಡೆ. ಆಯುಧವಾಗಿ ಬಳಸಿದರೆ ಸಾವು ತರಬಹುದಾದವು ಇನ್ನೊಂದು ಕಡೆ. ಅವುಗಳಾಚೆ, ಉಸಿರಾಡಿದರೆ, ನುಂಗಿದರೆ, ರಕ್ತಕ್ಕೆ ಸೇರಿದರೆ ದೇಹಕ್ಕೆ ಹಾನಿ ಮಾಡುವ ವಸ್ತುಗಳ ಮಾತು ಬೇರೆಯಾಗಿಯೇ ಇದೆ. ಮೆಣಸಿನಕಾಯಿಯ ಖಾರವನ್ನು ಇನ್ನೊಬ್ಬರ ಮುಖಕ್ಕೆ ಸಿಂಪಡಿಸಿದವರನ್ನು ವಿಚಾರಣೆಗೆ ಒಳಪಡಿಸಲು ಈ ಮಾತು ಸಾಕಿತ್ತು. ಆಗ ಪ್ರಶ್ನೆ ಕೃತ್ಯದ್ದಾಗುತ್ತಿತ್ತು. ಆಯುಧ ಎಂಬ ಹೆಸರಾದರೆ ಡಬ್ಬಿಗೇ ಅಂಟುತ್ತದೆ. ರಾತ್ರಿ ಪಾಳಿ ಮುಗಿಸಿ ಕ್ಯಾಬ್ ಹತ್ತುವ ಹುಡುಗಿಯ ಬ್ಯಾಗಿನಲ್ಲಿ, ಮನೆಯ ಕೀಲಿಕೈ ಪಕ್ಕದಲ್ಲಿ ಸುಮ್ಮನೆ ಬಿದ್ದಿರುವಾಗಲೂ ಅಂಟಿರುತ್ತದೆ.

ಇನ್ನು ಅದೇ ನ್ಯೂಯಾರ್ಕಿನ ದಂಡಸಂಹಿತೆ ಏನು ಹೇಳುತ್ತದೆ? ಜೇಬಿನಲ್ಲಿ ಹಿಡಿಯುವ ಆತ್ಮರಕ್ಷಣೆಯ ಸ್ಪ್ರೇಯನ್ನು 18 ತುಂಬಿದವರು, ಘೋರ ಅಪರಾಧದ ಅಥವಾ ಹಲ್ಲೆಯ ಶಿಕ್ಷೆ ಆಗಿಲ್ಲದಿದ್ದರೆ, ಇಟ್ಟುಕೊಳ್ಳಬಹುದು. ಎದುರಾಳಿಗೆ ತಾತ್ಕಾಲಿಕ ತೊಂದರೆ ಕೊಡುವ ಸಾಧನವೆಂದೇ ಅಲ್ಲಿ ಅದರ ವ್ಯಾಖ್ಯೆ. ಅಲ್ಲಿಂದ ಆಯುಧ ಎಂಬ ಮಾತು ಮಾತ್ರ ಬಂತು, ವಿನಾಯಿತಿ ಬರಲಿಲ್ಲ.

ಪ್ರಾಣಕ್ಕೆ ತಕ್ಷಣದ ಅಪಾಯ ಕಾಣುವುದಿಲ್ಲ, ಹಾಗಾಗಿ ಆತ್ಮರಕ್ಷಣೆಯ ವಾದ ನಿಲ್ಲದು ಎಂಬ ಪೀಠದ ಮಾತೂ ಇಕ್ಕಟ್ಟಿನದು. ಐಪಿಸಿ 97ನೇ ಕಲಂ ದೇಹದ ಮೇಲಿನ ಯಾವುದೇ ಅಪರಾಧದ ವಿರುದ್ಧ ಆ ಹಕ್ಕು ಕೊಡುತ್ತಿತ್ತು. 102ರ ಪ್ರಕಾರ, ಅಪಾಯದ ಸಕಾರಣ ಭಯ ಹುಟ್ಟಿದೊಡನೆ ಹಕ್ಕು ಶುರುವಾಗುತ್ತಿತ್ತು. ಪ್ರಾಣಭಯವೇ ಬೇಕೆಂದರೆ, ಕೈ ಹಿಡಿದು ಎಳೆದವನಿಗೆ ಹೆಣ್ಣುಮಗಳು ಸ್ಪ್ರೇ ಹೊಡೆಯುವಂತಿಲ್ಲವೇ?

ಕಳ್ಳರೂ ಇದನ್ನೇ ಬಳಸುತ್ತಾರಲ್ಲ ಎಂದು ಆದೇಶವನ್ನು ಮೆಚ್ಚಿಕೊಂಡವರು ವಾದಿಸುತ್ತಾರೆ. ಖಾರದ ಪುಡಿ ಎರಚಿ ಸರ ಕಿತ್ತವರು ಹಿಂದೆಯೂ ಇದ್ದರು. ಅವರಿಗೆ ದರೋಡೆಯ ಕಾನೂನು ಇತ್ತು. ಅಡುಗೆಮನೆಯ ಡಬ್ಬಿಯ ಮೇಲೆ ಯಾರೂ ಕಣ್ಣು ಹಾಕಲಿಲ್ಲ. ಇತ್ತ ಸ್ಪ್ರೇ ನಿಷೇಧವಾಯಿತೆಂದು ಗಾಬರಿಪಟ್ಟವರೂ ಆದೇಶವನ್ನು ಓದಿದವರಲ್ಲ. ನಿಷೇಧ ಎಂದರೆ ಬ್ರಿಟನ್ನಿನದು: 1968ರ ಬಂದೂಕು ಕಾಯ್ದೆಯ 5ನೇ ಕಲಂ ಅಡಿ ಅಲ್ಲಿ ಸ್ಪ್ರೇ ಬಳಿಯಿದ್ದರೇ ಅಪರಾಧ, ಹತ್ತು ವರ್ಷದವರೆಗೆ ಜೈಲು. ನಮ್ಮಲ್ಲಿ ಶಾಸನಸಭೆ ಅಂಥದ್ದನ್ನು ಮಾಡಿಲ್ಲ. ಆದೇಶದ ಒಂದು ವಾಕ್ಯ ಆ ಬಾಗಿಲನ್ನು ತೆರೆಯಬಾರದು.

2024ರ ಜುಲೈ 1ರಿಂದ 324ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 118(1) ಬಂದಿದೆ. ಉಸಿರಿಗೆ ಹಾನಿಕರವಾದ ವಸ್ತುವಿನ ಮಾತು ಅಲ್ಲಿಯೂ ಇದೆ. ಮುಂದೆ ಇಂಥ ಪ್ರಕರಣ ಬಂದಾಗ ಪೀಠ ಮೊದಲು ಅದನ್ನು ಓದಲಿ.