ಒಡ್ಡೋಲಗಕ್ಕೆ ಮುಂಚೆ

ಸಂಜೆ ಆರೂವರೆಯ ಹೊತ್ತು. ವೇದಿಕೆಯ ಎರಡೂ ಬದಿ ಸ್ಪೀಕರುಗಳ ಗೋಪುರ ಎದ್ದಿದೆ. ಮುಂದಿನ ಸಾಲಿನ ಸೋಫಾಗಳು ಖಾಲಿ. ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹತ್ತಿರದ ಮನೆಗಳ ಮಕ್ಕಳು, ಜಾಗ ಹಿಡಿಯಲೆಂದು ಬೇಗ ಬಂದ ಒಂದಷ್ಟು ಹೆಂಗಸರು. ಪರದೆಯ ಹಿಂದೆ ಸಿದ್ದಿ ಕಲಾವಿದರ ತಂಡ ಸೊಪ್ಪಿನ ಉಡುಗೆ ಕಟ್ಟಿಕೊಂಡು ನಿಂತಿದೆ. ಕಾಡಂಚಿನ ಕೇರಿಯಿಂದ ಮಧ್ಯಾಹ್ನವೇ ಟೆಂಪೊ ಹತ್ತಿದವರು ಅವರು. ಸಂಜೆಯ ತಂಪಿಗೆ ಅವರ ಬಡಿವಾದ್ಯ ಡಮಾಮಿಯ ಚರ್ಮ ಸಡಿಲವಾಗಿದೆ. ಕಾಗದ ಹೊತ್ತಿಸಿ ಬಿಸಿ ತೋರಿಸೋಣವೆಂದರೆ ಶಾಮಿಯಾನದ ಹತ್ತಿರ ಬೆಂಕಿ ಬೇಡ ಅನ್ನುತ್ತಾರೆ. ಮೈಕಿನವನು ವೇದಿಕೆಯ ನಡುವೆ ಒಂದು ಮೈಕು ನಿಲ್ಲಿಸಿ ಹೋಗುತ್ತಾನೆ. ಮಿಕ್ಕವೆಲ್ಲ ರಾತ್ರಿಯ ರಸಮಂಜರಿಗೆ.

ಬಡಿತ ಈಗಷ್ಟೇ ಕುದುರುತ್ತಿದೆ ಅನ್ನುವಾಗ ನಿರೂಪಕಿಯ ಕೈಗೆ ಚೀಟಿ ಬರುತ್ತದೆ: ಗಣ್ಯರು ಬಂದರು. ತಂಡ ಕುಣಿತ ಅರ್ಧಕ್ಕೆ ಬಿಟ್ಟು ಗೇಟಿನ ಕಡೆ ಓಡಬೇಕು, ಅತಿಥಿಗಳ ಮುಂದೆ ಬಾರಿಸುತ್ತ ಬರಬೇಕು. ಆಮೇಲೆ ದೀಪ ಬೆಳಗುವುದು, ಭಾಷಣ, ಸನ್ಮಾನ, ಸಿನಿಮಾ ಗಾಯಕರ ಪ್ರವೇಶ. ಅಷ್ಟು ಹೊತ್ತಿಗೆ ಮೈದಾನ ತುಂಬಿರುತ್ತದೆ.

ಇದು ಒಂದು ಊರಿನ ಒಂದು ದಿನದ ಕಥೆಯಲ್ಲ. ಉತ್ತರ ಕನ್ನಡದ ಹಳೆಯ ಸೂಪಾ ಸೀಮೆ (ಈಗಿನ ಜೋಯಿಡಾ), ದಾಂಡೇಲಿ, ಹಳಿಯಾಳ, ಮುಂಡಗೋಡಿನ ಸುತ್ತ ಉತ್ಸವ, ಸಮಾವೇಶ, ಉದ್ಘಾಟನೆಗಳಿಗೆ ಹೋಗಿಬಂದವರಿಗೆ ಪರಿಚಯದ ನೋಟ. ರಾಕ್ ಸಂಗೀತದ ಲೋಕದಲ್ಲಿ ಇದೇ ಕೆಲಸಕ್ಕೆ ಓಪನಿಂಗ್ ಆಕ್ಟ್ ಅನ್ನುತ್ತಾರೆ. ಹೆಸರಾಂತ ತಂಡ ಊರೂರು ತಿರುಗುವಾಗ ಜೊತೆಗೊಂದು ಚಿಕ್ಕ ತಂಡ ಇರುತ್ತದೆ. ಜನ ಇನ್ನೂ ಸೇರುತ್ತಿರುವ ಮೊದಲ ಅರ್ಧ ಗಂಟೆ ಅದರ ಪಾಲು. ಪಾತ್ರ ಒಂದೇ ಆದರೂ ಎರಡು ಕಡೆಯ ಫಲ ಬೇರೆ. ಯಾಕೆ ಬೇರೆ ಅನ್ನುವುದನ್ನು ನೋಡಲು ಎರಡು ಅಳತೆ ಇಟ್ಟುಕೊಂಡರೆ ಸಾಕು. ಮೊದಲು ಬಂದವನಿಗೆ ತನ್ನದನ್ನು ಪೂರ್ತಿ ತೋರಿಸುವಷ್ಟು ಹೊತ್ತು ಸಿಗುತ್ತದೆಯೇ? ಅದೇ ರಂಗದ ಮೇಲೆ ಮುಂದೊಂದು ದಿನ ಕೊನೆಯ ಸರದಿಗೆ ಬರುವ ದಾರಿ ಅವನಿಗೆ ಇದೆಯೇ?

ರಾಕ್ ಪ್ರವಾಸದ ಮೊದಲ ಸರದಿ ಹೊರಗಿನವರು ಅಂದುಕೊಂಡಷ್ಟು ಸೊಗಸಿನದಲ್ಲ. ದೊಡ್ಡ ತಂಡದ ಡ್ರಮ್ಮು, ಆಂಪ್ಲಿಫೈಯರುಗಳು ಮೊದಲೇ ವೇದಿಕೆ ತುಂಬಿಕೊಂಡಿರುತ್ತವೆ. ಅವುಗಳ ಮುಂದೆ ಉಳಿದ ಎರಡು ಮಾರು ಜಾಗದಲ್ಲಿ ಇವರು ನಿಲ್ಲಬೇಕು. ಧ್ವನಿ ಪರೀಕ್ಷೆಯಲ್ಲಿ ಇವರ ಸರದಿ ಕೊನೆಗೆ, ದೊಡ್ಡವರದು ತಡವಾದರೆ ಅದೂ ಇಲ್ಲ. ಪ್ರವಾಸದಲ್ಲಿ ಜಾಗ ಸಿಗಲು ಚಿಕ್ಕ ತಂಡವೇ ಹಣ ಕಟ್ಟುವ ಪದ್ಧತಿಯೂ ಪಶ್ಚಿಮದಲ್ಲಿದೆ. ಎದುರಿಗಿರುವ ಜನ ಬೇರೆಯವರಿಗಾಗಿ ಟಿಕೆಟ್ ಕೊಂಡವರು. 1967ರ ಜುಲೈನಲ್ಲಿ ಜಿಮಿ ಹೆಂಡ್ರಿಕ್ಸ್ ಮಂಕೀಸ್ ತಂಡದ ಮುಂದೆ ಗಿಟಾರ್ ಹಿಡಿದು ನಿಂತಾಗ, ಟಿವಿಯಲ್ಲಿ ಕಂಡ ಹುಡುಗರಿಗಾಗಿ ಕಾದಿದ್ದ ಎಳೆಯ ಅಭಿಮಾನಿಗಳು ಅವನ ಹಾಡಿನ ನಡುವೆಯೇ ಅವರ ಹೆಸರು ಕೂಗಿದರು. ಕೆಲವೇ ಪ್ರದರ್ಶನಗಳಲ್ಲಿ ಹೆಂಡ್ರಿಕ್ಸ್ ಆ ಪ್ರವಾಸ ಬಿಟ್ಟ. 1981ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ರೋಲಿಂಗ್ ಸ್ಟೋನ್ಸ್‌ಗೆ ಮುಂಚೆ ಹಾಡಲು ಬಂದ ಪ್ರಿನ್ಸ್ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು.

ಆದರೂ ಅಲ್ಲಿ ಮೇಲೆ ಹತ್ತುವ ದಾರಿ ತೆರೆದಿತ್ತು. ಪ್ರಿನ್ಸ್ ಮೂರೇ ವರ್ಷದಲ್ಲಿ ‘ಪರ್ಪಲ್ ರೇನ್’ ಮಾಡಿ ತಾನೇ ಮುಖ್ಯ ಸರದಿಯವನಾದ. 1963ರ ಆರಂಭದಲ್ಲಿ ಹದಿನಾರರ ಹುಡುಗಿ ಹೆಲೆನ್ ಶಪಿರೊಳ ಪ್ರವಾಸದಲ್ಲಿ ಬೀಟಲ್ಸ್ ಹೆಸರು ಪೋಸ್ಟರಿನ ಕೆಳಗೆಲ್ಲೋ ಇತ್ತು. ಪ್ರವಾಸ ಮುಗಿಯುವ ಮೊದಲೇ ಜನರ ಕೂಗು ಅವರ ಕಡೆ ತಿರುಗಿತು. ಬೆಂಗಳೂರೂ ಇಂಥ ಸಂಜೆಗಳನ್ನು ಕಂಡಿದೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್‌ಗೆ ಮೊದಲು ದೆಹಲಿಯ ಪರಿಕ್ರಮ ತಂಡ ನುಡಿಸಿತು; 2011ರ ಅಕ್ಟೋಬರ್ 30ರಂದು ಅಲ್ಲಿಯೇ ಮೆಟಾಲಿಕಾಗೆ ಮೊದಲು ಬೆಂಗಳೂರಿನದೇ ಇನ್ನರ್ ಸ್ಯಾಂಕ್ಟಮ್. ಮೊದಲ ಅಳತೆಯಲ್ಲಿ ರಾಕ್ ಲೋಕಕ್ಕೆ ಅರ್ಧ ಅಂಕ ಕೊಡಬಹುದು. ಎರಡನೆಯದರಲ್ಲಿ ಹೆಚ್ಚು.

ಹಳಿಯಾಳದ ಜನಕ್ಕೆ ಈ ಲೆಕ್ಕ ತಿಳಿಯಲು ಗಿಟಾರಿನ ಹಂಗು ಬೇಡ. ಅದು ಕುಸ್ತಿಯ ಊರು. ಕಣ ಪೂಜೆಯಾದ ಮೇಲೆ ಮೊದಲು ಮಣ್ಣಿಗಿಳಿಯುವುದು ಲಂಗೋಟಿಯ ಚಿಕ್ಕ ಹುಡುಗರು. ಅವರ ಜೋಡಿಗಳು ಮುಗಿದಂತೆ ದೊಡ್ಡ ಜೋಡಿಗಳು, ಕತ್ತಲಾಗುವ ಹೊತ್ತಿಗೆ ಹೆಸರುವಾಸಿ ಪೈಲವಾನರು. ಎಳೆಯರ ಪಟ್ಟನ್ನು ಯಾರೂ ಬೇಸರದಿಂದ ನೋಡುವುದಿಲ್ಲ. ಇಂದು ಮೂರು ಗಂಟೆಗೆ ಬಿದ್ದೆದ್ದ ಹುಡುಗ ಹತ್ತು ವರ್ಷದ ಮೇಲೆ ಸಂಜೆ ಏಳಕ್ಕೆ ನಿಂತಾನು ಅನ್ನುವ ಆಸೆ ನೋಡುವ ಕಣ್ಣುಗಳಲ್ಲೇ ಇರುತ್ತದೆ. ಸರದಿ ಬದಲಾಗುವ ಭರವಸೆ ಇದ್ದಲ್ಲಿ ಮೊದಲ ಸರದಿ ಅವಮಾನವಲ್ಲ.

ಈ ಭರವಸೆಯನ್ನು ಒಂದು ಶಾಸ್ತ್ರವೇ ಆಗಿಸಿಕೊಂಡ ಕಲೆ ಯಕ್ಷಗಾನ. ಮೇಳ ಊರೂರು ಅಲೆಯುವುದಕ್ಕೆ ಅಲ್ಲಿನ ಮಾತು ‘ತಿರುಗಾಟ’. ನವೆಂಬರ್ ಸುಮಾರಿಗೆ ಗೆಜ್ಜೆ ಕಟ್ಟಿದರೆ ಮೇ ಕೊನೆಗೆ ಬಿಚ್ಚುವುದು. ನಡುವೆ ಹೆಚ್ಚುಕಡಿಮೆ ದಿನಕ್ಕೊಂದು ಊರು. ಕರಾವಳಿಯಿಂದ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ ದಾಟಿ ಮುಂಡಗೋಡು, ಹಳಿಯಾಳದ ಕಡೆ ಬರುವ ಮೇಳಕ್ಕೆ ಇದು ತನ್ನ ಸೀಮೆಯ ಅಂಚು. ಅಡಿಕೆ ತೋಟ ಮುಗಿದು ಬಯಲುಸೀಮೆ ಶುರುವಾಗುವ ಜಾಗ. ಕನ್ನಡದ ಜೊತೆಗೆ ಮರಾಠಿ, ಕೊಂಕಣಿ, ಉರ್ದು ಕಿವಿಗೆ ಬೀಳುವ ಜಾಗ. ಮುಂಡಗೋಡಿನಲ್ಲಿ 1966ರಿಂದ ನೆಲೆಸಿದ ಟಿಬೆಟನ್ನರಿದ್ದಾರೆ, ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಹಿಂದೆ ಬಂದ ಹತ್ತು ಭಾಷೆಯ ಜನರಿದ್ದಾರೆ. ಹೆಜ್ಜೆ, ತಾಳ, ವೇಷದ ಪರಿಚಯವಿಲ್ಲದ ಕಣ್ಣಿಗೆ ಆಟವನ್ನು ನಿಧಾನವಾಗಿ ತೆರೆದು ತೋರಿಸುವ ಭಾಗ ಬೇಕಾಗುವುದು ಇಂಥ ಕಡೆಯೇ.

ಅದೇ ಪೂರ್ವರಂಗ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿ ಪೂಜೆಯಾಗಿ, ಚಂಡೆ ಮದ್ದಳೆಯ ಸದ್ದು ಊರಿಗೆ ಕೇಳಿದ ಮೇಲೆ ಮೊದಲು ರಂಗಕ್ಕೆ ಬರುವುದು ಕೋಡಂಗಿ, ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಆಮೇಲೆ ಬಾಲಗೋಪಾಲ: ತೆರೆಯ ಹಿಂದಿನಿಂದ ಹೊರಡುವ ಬಲರಾಮ, ಕೃಷ್ಣರ ಎಳೆಯ ಜೋಡಿ. ಅದಾದ ಮೇಲೆ ಪೀಠಿಕೆಯ ಸ್ತ್ರೀವೇಷ. ಹಾಡುವವನೂ ಮುಖ್ಯ ಭಾಗವತನಲ್ಲ, ಕಲಿಯುತ್ತಿರುವ ‘ಸಂಗೀತಗಾರ’. ಪ್ರಸಂಗದ ಒಡ್ಡೋಲಗ, ಅಂದರೆ ಮುಖ್ಯ ಪಾತ್ರಗಳ ಪ್ರವೇಶ, ಬರುವುದು ಇವೆಲ್ಲ ಮುಗಿದ ಮೇಲೆ.

ಹೊರನೋಟಕ್ಕೆ ಇದು ಜನ ಸೇರುವ ತನಕ ಹೊತ್ತು ಕಳೆಯುವ ಉಪಾಯ. ಒಳಗಿನವರಿಗೆ ಗೊತ್ತು, ಮೇಳದ ಪಾಠಶಾಲೆ ಇದೇ. ಕೋಡಂಗಿಗೆ ಮಾತಿಲ್ಲ, ಕಥೆಯಿಲ್ಲ, ಬರೀ ಹೆಜ್ಜೆ. ಹಿಮ್ಮೇಳದ ಕಡೆ ಕಿವಿ ಇಟ್ಟು, ತಾಳ ಬದಲಾದಾಗ ಕಾಲು ಬದಲಾಯಿಸುವುದನ್ನು ಹುಡುಗ ನೂರಾರು ರಾತ್ರಿ ಮಾಡುತ್ತಾನೆ. ತಪ್ಪಿದರೂ ನೋಡುವವರು ಕಡಿಮೆ. ಆ ಖಾಲಿ ಬಯಲೇ ಅವನಿಗೆ ರಕ್ಷೆ. ತನ್ನ ವೇಷ ಕಳಚಿದ ಮೇಲೆ ಅವನು ಮನೆಗೆ ಹೋಗುವುದಿಲ್ಲ. ಚೌಕಿಯ ಅಂಚಿನಲ್ಲಿ ಕೂತು ದೊಡ್ಡ ವೇಷಗಳು ಹೇಗೆ ಬಣ್ಣ ಬರೆದುಕೊಳ್ಳುತ್ತವೆ, ಹೇಗೆ ಮುಂಡಾಸು ಕಟ್ಟಿಕೊಳ್ಳುತ್ತವೆ, ಹೇಗೆ ಎದ್ದು ನಡೆಯುತ್ತವೆ ಎಂದು ಬೆಳಗಿನ ತನಕ ನೋಡುತ್ತಾನೆ. ಕೋಡಂಗಿಯಿಂದ ಬಾಲಗೋಪಾಲಕ್ಕೆ, ಅಲ್ಲಿಂದ ಸ್ತ್ರೀವೇಷಕ್ಕೆ, ಮುಂದೆ ಪುಂಡುವೇಷಕ್ಕೆ, ಎರಡನೇ ವೇಷಕ್ಕೆ. ಇಂಥ ಮೆಟ್ಟಿಲುಗಳನ್ನು ರಾಕ್ ಪ್ರವಾಸ ಕಟ್ಟಿಕೊಳ್ಳಲೇ ಇಲ್ಲ. ಹೆಂಡ್ರಿಕ್ಸ್ ಮಂಕೀಸ್‌ಗೆ ಯಾರೂ ಅಲ್ಲ. ಕೋಡಂಗಿ ಮಾತ್ರ ಮೇಳದ ಮನೆಮಗ.

ಹಾಗೆಂದು ಹಳೆಯ ಕಾಲವನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಿಲ್ಲ. ಶಾಲೆ ಬಿಡಿಸಿ ಮೇಳಕ್ಕೆ ಕಳಿಸಿದ ಎಳೆಯರ ಪಾಡು ಅಷ್ಟೇನೂ ಹಿತವಾಗಿರಲಿಲ್ಲ. ರಾತ್ರಿಯೆಲ್ಲ ಎಚ್ಚರ, ಹಗಲು ಅರೆನಿದ್ದೆ, ದೊಡ್ಡವರ ಚಾಕರಿ, ಕೈಗೆ ಬರುವ ಕಾಸು ಅತ್ಯಲ್ಪ. ಚೌಕಿಯಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದೂ ವೇಷದ ದರ್ಜೆಯ ಪ್ರಕಾರ. ಎಲ್ಲರೂ ಮೇಲಿನ ಮೆಟ್ಟಿಲು ಮುಟ್ಟಲೂ ಇಲ್ಲ. ಹದಿಹರೆಯದಲ್ಲೇ ಮೇಳ ಹತ್ತಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ತನಕ ನಡೆದರು. ಅದೇ ವಯಸ್ಸಿಗೆ ಹತ್ತಿದ ಎಷ್ಟೋ ಮಂದಿ ಸಣ್ಣ ವೇಷದಲ್ಲೇ ಸವೆದರು. ಆಟವನ್ನು ಮೊಟಕು ಮಾಡುವುದೂ ನಿನ್ನೆ ಮೊನ್ನೆಯದಲ್ಲ. ‘ಯಕ್ಷಗಾನ ಬಯಲಾಟ’ ಬರೆದು 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರೇ ಮುಂದೆ ತಮ್ಮ ಪ್ರಯೋಗಗಳಲ್ಲಿ ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು.

ಇಂದಿನ ತೊಂದರೆ ಬೇರೆ ಬಗೆಯದು. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಧ್ವನಿವರ್ಧಕ ಕೂಡದೆಂಬ 2000ದ ಶಬ್ದಮಾಲಿನ್ಯ ನಿಯಮ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕ, ಮೊಬೈಲಿಗೆ ಒಗ್ಗಿದ ತಾಳ್ಮೆ ಇವೆಲ್ಲ ಸೇರಿ ಕಾಲಮಿತಿಯ ಆಟವನ್ನು ತಂದಿವೆ. ಕಾಲಮಿತಿ ತಪ್ಪೇನಲ್ಲ, ಬಿಗಿಯಾದ ಮೂರು ಗಂಟೆಯ ಆಟ ಎಳೆದಾಡಿದ ರಾತ್ರಿಗಿಂತ ಎಷ್ಟೋ ಮೇಲು. ಪ್ರಶ್ನೆ ಇರುವುದು ಕತ್ತರಿ ಮೊದಲು ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿ. ತಾರಾ ಕಲಾವಿದನ ಪ್ರವೇಶದ ಕುಣಿತ ಉಳಿಯುತ್ತದೆ, ಹಾಸ್ಯಗಾರನ ಹರಟೆ ಉಳಿಯುತ್ತದೆ. ಹೋಗುವುದು ಕೋಡಂಗಿ, ಬಾಲಗೋಪಾಲ. ಒಂದು ಗಣಪತಿ ಸ್ತುತಿ ಹೇಳಿ ನೇರ ಪ್ರಸಂಗಕ್ಕೆ.

ಕಲಿಕೆಯ ಹೊಣೆ ಈಗ ಕೇಂದ್ರಗಳ ಮೇಲೆ ಬಿದ್ದಿದೆ. 1971ರಲ್ಲಿ ಉಡುಪಿಯಲ್ಲಿ ಶುರುವಾದ ಯಕ್ಷಗಾನ ಕೇಂದ್ರ, 1986ರಲ್ಲಿ ಕೆರೆಮನೆ ಶಂಭು ಹೆಗಡೆಯವರು ಗುಣವಂತೆಯಲ್ಲಿ ಕಟ್ಟಿದ ಶ್ರೀಮಯ ಕಲಾಕೇಂದ್ರದಂಥವು ಶಾಲೆಯ ಓದಿನ ಜೊತೆಗೇ ಹೆಜ್ಜೆ ಕಲಿಸುವ ದಾರಿ ತೋರಿಸಿದವು. ಮಕ್ಕಳ ಮಟ್ಟಿಗೆ ಇದು ದೊಡ್ಡ ಸುಧಾರಣೆ. ಆದರೆ ತರಗತಿಯಲ್ಲಿ ಕಲಿತ ಹೆಜ್ಜೆಗೆ ಅಪರಿಚಿತ ಊರಿನ ಮಣ್ಣು, ಕೈಕೊಡುವ ಲೈಟು, ಎದ್ದು ಹೋಗುವ ಪ್ರೇಕ್ಷಕ ಸಿಗುವುದು ತಿರುಗಾಟದಲ್ಲಿ ಮಾತ್ರ. ಕಾಲಮಿತಿಯ ಮೇಳ ಇಪ್ಪತ್ತು ನಿಮಿಷದ ಪೂರ್ವರಂಗವನ್ನು ಉಳಿಸಿಕೊಂಡು ಅದನ್ನು ಆಯಾ ಊರಿನಲ್ಲಿ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಬಿಟ್ಟುಕೊಟ್ಟರೆ ಆಟ ಉದ್ದವಾಗುವುದಿಲ್ಲ, ಶಾಲೆಯೂ ತಪ್ಪುವುದಿಲ್ಲ.

ಜೋಯಿಡಾದಿಂದ ಗಡಿ ದಾಟಿದರೆ ಇದೇ ಕಥೆಯ ಇನ್ನೊಂದು ಪ್ರತಿ ಸಿಗುತ್ತದೆ. ಗೋವಾ, ಸಿಂಧುದುರ್ಗದ ದಶಾವತಾರ ತಂಡಗಳು ಪೆಟಾರೆ ಹೊತ್ತು ಜಾತ್ರೆಯಿಂದ ಜಾತ್ರೆಗೆ ತಿರುಗುತ್ತವೆ. ಅಲ್ಲಿಯೂ ಮುಖ್ಯ ಆಖ್ಯಾನಕ್ಕೆ ಮೊದಲು ಗಣಪತಿ, ಸರಸ್ವತಿ, ಕರಿವೇಷದ ಸಂಕಾಸುರ ಬರುವ ಆಡದಶಾವತಾರ ಎಂಬ ಭಾಗವಿದೆ. ಅದೂ ಈಗ ಕುಗ್ಗುತ್ತ ಬಂದಿದೆ.

ಇಷ್ಟು ಸುತ್ತಿ ಮತ್ತೆ ಡಮಾಮಿಗೆ ಬಂದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡು, ಜೋಯಿಡಾದ ಕಾಡಂಚಿನಲ್ಲಿ ನೆಲೆಸಿದ ಸಿದ್ದಿಗಳು ಆಫ್ರಿಕಾ ಮೂಲದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳಲ್ಲಿ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದರು. ಕೇರಿಯ ಅಂಗಳದಲ್ಲಿ ಡಮಾಮಿ ಅವಸರದ ಬಾಬತ್ತಲ್ಲ. ಬಡಿತ ನಿಧಾನಕ್ಕೆ ಏರಬೇಕು, ಹಾಡಿಗೆ ಹಾಡು ಜೋಡಿಯಾಗಬೇಕು, ಕೂತವರು ಒಬ್ಬೊಬ್ಬರೇ ಏಳಬೇಕು. ಹೆಂಗಸರ ಪುಗಡಿ ಕುಣಿತಕ್ಕೆ ಬಿಂದಿಗೆಯೂ ವಾದ್ಯ. ವೇದಿಕೆಯ ಹತ್ತು ನಿಮಿಷದಲ್ಲಿ ಏರಿಕೆಗೆ ಜಾಗವೇ ಇಲ್ಲ. ಉಳಿಯುವುದು ಸೊಪ್ಪಿನ ಉಡುಗೆ, ಕೂಗು, ಫೋಟೋ. ಮೊದಲ ಅಳತೆಯಲ್ಲಿ ಉತ್ಸವ ಸೋಲುತ್ತದೆ.

ಎರಡನೆಯದರಲ್ಲಿ ಸೋಲು ಇನ್ನೂ ದೊಡ್ಡದು. ಕೋಡಂಗಿ ಬೆಳೆದು ಎರಡನೇ ವೇಷ ಕಟ್ಟುತ್ತಾನೆ, ಲಂಗೋಟಿಯ ಹುಡುಗ ಬೆಳೆದು ಪೈಲವಾನನಾಗುತ್ತಾನೆ. ಡಮಾಮಿ ತಂಡ ಇಪ್ಪತ್ತು ವರ್ಷ ಉತ್ಸವಗಳಿಗೆ ತಿರುಗಿದರೂ ಸಂಜೆ ಆರೂವರೆಯಿಂದ ರಾತ್ರಿ ಒಂಬತ್ತಕ್ಕೆ ಬರುವುದಿಲ್ಲ. ಅದು ಕಲಾವಿದರ ಕೊರತೆಯಿಂದಲ್ಲ. 1980ರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಕಡೆಯ ಸಿದ್ದಿಗಳನ್ನೇ ಸೇರಿಸಿ, ಚಿನುವ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಕಟ್ಟಿದ್ದರು. ಅಲ್ಲಿ ಸಿದ್ದಿಗಳು ಯಾರನ್ನೋ ಸ್ವಾಗತಿಸಲು ಬಂದವರಾಗಿರಲಿಲ್ಲ. ಇಡೀ ಸಂಜೆ ಅವರದು. ಗಿರಿಜಾ ಸಿದ್ದಿಯವರಂಥ ನಟಿ, ಗಾಯಕಿ ರಂಗಭೂಮಿಯಲ್ಲಿ ಹೆಸರು ಮಾಡಿದ್ದಾರೆ. ಪೂರ್ತಿ ಹೊತ್ತು ಕೊಟ್ಟಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೇ ಜಿಲ್ಲೆಯಲ್ಲಿದೆ.

ರಸಮಂಜರಿ ಶುರುವಾದ ಮೇಲೆ ತಂಡ ವೇದಿಕೆಯ ಹಿಂದೆ ಸಂಭಾವನೆಯ ವೋಚರಿಗೆ ಸಹಿ ಹಾಕಲು ಕಾಯುತ್ತದೆ. ಡಮಾಮಿಗಳು ಆಗಲೇ ಟೆಂಪೊದ ಹಿಂದಿನ ಸೀಟಿನಲ್ಲಿವೆ. ಗೇಟಿನಲ್ಲಿ ಪೊಲೀಸರು ತಡೆಯದಿರಲಿ ಎಂದು ಡ್ರೈವರ್ ಮುಂದಿನ ಗಾಜಿಗೆ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಅಂಟಿಸಿದ್ದಾನೆ. ಅದರಲ್ಲಿ ಗಾಯಕರ ಫೋಟೋ ಇದೆ, ಎರಡು ಪುಟ ಗಣ್ಯರ ಹೆಸರಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಸಂಜೆ 6.30ಕ್ಕೆ ಸ್ಥಳೀಯ ಜಾನಪದ ಕಲಾತಂಡಗಳಿಂದ.